ಜೀವ್ಸ್ ಬರುವ ಮುನ್ನ: ವುಡ್‌ಹೌಸ್ ಪತ್ರಿಕೆಗಳಿಗೆ ಬರೆದ ಪದ್ಯಗಳು, ಶಾಲಾ ಕಥೆಗಳು

ಪ್ರಶ್ನೆ: ಇಂಗ್ಲಿಷ್ ಹಾಸ್ಯಲೇಖಕ ಪಿ. ಜಿ. ವುಡ್‌ಹೌಸ್ ಅವರ, ಜೀವ್ಸ್ ಎಂಬ ಚತುರ ಸೇವಕನ ಕಥೆಗಳನ್ನೂ ಬ್ಲ್ಯಾಂಡಿಂಗ್ಸ್ ಎಂಬ ಕೋಟೆಮನೆಯ ಕಾದಂಬರಿಗಳನ್ನೂ ಕಾಲೇಜಿನ ದಿನಗಳಿಂದ ಓದುತ್ತ ಬಂದಿದ್ದೇನೆ. ಅವರು ಹೆಸರು ಮಾಡುವ ಮೊದಲು ಇಂಗ್ಲೆಂಡಿನ ‘ಪಂಚ್’, ‘ದಿ ಕ್ಯಾಪ್ಟನ್’ ಮುಂತಾದ ಪತ್ರಿಕೆಗಳಿಗೆ ಪದ್ಯಗಳನ್ನೂ ಶಾಲಾ ಹುಡುಗರ ಕಥೆಗಳನ್ನೂ ಬರೆಯುತ್ತಿದ್ದರೆಂದು ಈಚೆಗೆ ತಿಳಿಯಿತು. ಅವನ್ನು ಈಗ ಓದಬಹುದೇ? ನಮಗೆ ಗೊತ್ತಿರುವ ವುಡ್‌ಹೌಸ್ ಅಲ್ಲಿ ಸಿಗುತ್ತಾರೆಯೇ? ಓದುವುದಾದರೆ ಎಲ್ಲಿಂದ ಆರಂಭಿಸಬೇಕು?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಪದ್ಯಗಳಲ್ಲಿ ಬಹುಪಾಲನ್ನು ಈಗ ಓದಿದರೆ ತುಟಿಯೂ ಅಲುಗುವುದಿಲ್ಲ. ಶಾಲಾ ಕಥೆಗಳಲ್ಲಿ ಒಂದಷ್ಟು ಇವತ್ತಿಗೂ ಚೆನ್ನಾಗಿವೆ. ಆದರೆ ಅಲ್ಲಿ ಗದರಿಸುವ ಸೋದರತ್ತೆಯರಿಲ್ಲ, ಕಳವಾಗುವ ಹಂದಿಯಿಲ್ಲ, ಮದುವೆಯಿಂದ ತಪ್ಪಿಸಿಕೊಳ್ಳಲು ಕಿಟಕಿಯಿಂದ ಹಾರುವ ಶ್ರೀಮಂತ ಯುವಕರೂ ಇಲ್ಲ. ನಿಮಗೆ ಪರಿಚಯವಿರುವ ವುಡ್‌ಹೌಸ್ 1908ರಲ್ಲಿ, ಹುಡುಗರ ಮಾಸಿಕವೊಂದರ ಧಾರಾವಾಹಿಯಲ್ಲಿ, ಏಕಾಏಕಿ ಪ್ರತ್ಯಕ್ಷರಾಗುತ್ತಾರೆ. ಅದಕ್ಕೂ ಮುಂಚಿನ ಎಂಟು ವರ್ಷ ಅವರು ಕೈ ಪಳಗಿಸಿಕೊಂಡ ಬಗೆ ಇದೆಯಲ್ಲ, ಅದು ನನಗೆ ಆ ಕಾಲದ ಬರಹಗಳಿಗಿಂತ ಹೆಚ್ಚು ರುಚಿಸುತ್ತದೆ. ಅವರ ಗದ್ಯ ನಡಿಗೆ ಕಲಿತದ್ದು ಈಗ ಯಾರೂ ಓದದ ಆ ಪದ್ಯಗಳಲ್ಲೇ ಎಂಬುದು ನನ್ನ ನಂಬಿಕೆ.

ಕಥೆಯ ಆರಂಭದಲ್ಲಿ ನಮ್ಮ ರೂಪಾಯಿಗೂ ಒಂದು ಪಾತ್ರವಿದೆ. ವುಡ್‌ಹೌಸ್ 1881ರಲ್ಲಿ ಗಿಲ್ಡ್‌ಫರ್ಡ್‌ನಲ್ಲಿ ಹುಟ್ಟಿದರು. ತಂದೆ ಅರ್ನೆಸ್ಟ್ ಹಾಂಗ್‌ಕಾಂಗಿನಲ್ಲಿ ಮ್ಯಾಜಿಸ್ಟ್ರೇಟ್. ಅವರ ಪಿಂಚಣಿ ಬರುತ್ತಿದ್ದುದು ರೂಪಾಯಿಯಲ್ಲಿ. ಪೌಂಡಿನ ಎದುರು ರೂಪಾಯಿ ಏರಿಳಿದಂತೆಲ್ಲ ಮನೆಯ ಖರ್ಚೂ ಏರಿಳಿಯಬೇಕಾಗಿತ್ತು. ಅಣ್ಣ ಆರ್ಮಿನ್ ಆಗಲೇ ಆಕ್ಸ್‌ಫರ್ಡಿನಲ್ಲಿದ್ದ ಕಾರಣ ಇನ್ನೊಬ್ಬ ಮಗನನ್ನೂ ಅಲ್ಲಿ ಓದಿಸುವ ಧೈರ್ಯ ತಂದೆಗೆ ಬರಲಿಲ್ಲ. ಹೀಗಾಗಿ ಡಲ್ವಿಚ್ ಶಾಲೆಯಲ್ಲಿ ಗ್ರೀಕ್, ಲ್ಯಾಟಿನ್ ಪದ್ಯರಚನೆಯನ್ನು ಅರೆದು ಕುಡಿದಿದ್ದ ಹುಡುಗ 1900ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಲೊಂಬಾರ್ಡ್ ಬೀದಿಯ ಹಾಂಗ್‌ಕಾಂಗ್ ಅಂಡ್ ಶಾಂಘೈ ಬ್ಯಾಂಕಿನಲ್ಲಿ ಗುಮಾಸ್ತನಾದ. ಅಣ್ಣ 1902ರಲ್ಲಿ ಆಕ್ಸ್‌ಫರ್ಡಿನ ಪ್ರತಿಷ್ಠಿತ ನ್ಯೂಡಿಗೇಟ್ ಕಾವ್ಯ ಬಹುಮಾನವನ್ನೇ ಗೆದ್ದರು, ಮುಂದೆ ಭಾರತಕ್ಕೆ ಬಂದು ಥಿಯಾಸಫಿಕಲ್ ಸೊಸೈಟಿಯ ಬಳಗ ಸೇರಿದರು. ಅದೇ ವರ್ಷ ತಮ್ಮನೂ ಪದ್ಯ ಬರೆಯುತ್ತಿದ್ದರು, ವಾರಪತ್ರಿಕೆಗಳಿಗೆ, ಬಾಡಿಗೆ ಕಟ್ಟುವುದಕ್ಕೆ. ಇಬ್ಬರಲ್ಲಿ ಕವಿ ಯಾರಾಗುತ್ತಾರೆ ಎಂದು ಆಗ ಕೇಳಿದ್ದರೆ ಯಾರೂ ಕಿರಿಯನ ಕಡೆ ಬೆರಳು ತೋರಿಸುತ್ತಿರಲಿಲ್ಲ.

ಬ್ಯಾಂಕಿನ ಲೆಕ್ಕ ತಮಗೆ ಕೊನೆಯವರೆಗೂ ತಲೆಗೆ ಹತ್ತಲಿಲ್ಲವೆಂದು ವುಡ್‌ಹೌಸ್ ಹೇಳಿಕೊಂಡಿದ್ದಾರೆ. ಹಗಲು ಬ್ಯಾಂಕು, ರಾತ್ರಿ ಬಾಡಿಗೆ ಕೋಣೆಯಲ್ಲಿ ಬರವಣಿಗೆ. ಆ ಎರಡು ವರ್ಷಗಳಲ್ಲಿ 9 ಪತ್ರಿಕೆಗಳಲ್ಲಿ ಅವರ 80 ಬರಹಗಳು ಅಚ್ಚಾದವು. ಎಲ್ಲವೂ ಸಲೀಸಾಗಿ ಆಗಲಿಲ್ಲ. ಒಮ್ಮೆ ಕೆಪ್ಪಟರಾಯ ಬಂದು ತಂದೆ ತಾಯಿಯ ಮನೆಯಲ್ಲಿ ಮೂರು ವಾರ ಮಲಗಿದ್ದಾಗ 19 ಸಣ್ಣ ಕಥೆಗಳನ್ನು ಬರೆದರಂತೆ. ಹತ್ತೊಂಬತ್ತೂ ಮರಳಿ ಬಂದವು. ಸಂಪಾದಕರು ವಿಷಾದಿಸಿದರು, ನಾನೂ ವಿಷಾದಿಸಿದೆ ಎಂಬ ಧಾಟಿಯಲ್ಲಿ ಮುಪ್ಪಿನಲ್ಲಿ ಅದನ್ನು ನೆನೆದಿದ್ದಾರೆ. ಬರವಣಿಗೆಯಿಂದ ಬಂದ ಪ್ರತಿ ಶಿಲ್ಲಿಂಗನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಮೊದಲ ನಮೂದು 1900ರ ಫೆಬ್ರವರಿಯದು: ಶಾಲಾ ಕ್ರೀಡಾ ತಂಡದ ನಾಯಕತ್ವದ ಬಗ್ಗೆ ‘ಪಬ್ಲಿಕ್ ಸ್ಕೂಲ್ ಮ್ಯಾಗಝೀನ್’ಗೆ ಬರೆದ ಪ್ರಬಂಧಕ್ಕೆ ಹತ್ತೂವರೆ ಶಿಲ್ಲಿಂಗ್ ಬಹುಮಾನ. ಬ್ಯಾಂಕಿನ ಲೆಕ್ಕ ಅರ್ಥವಾಗದವರಿಗೆ ಈ ಲೆಕ್ಕ ಮಾತ್ರ ಎಂದೂ ತಪ್ಪಲಿಲ್ಲ.

1902ರ ಸೆಪ್ಟೆಂಬರಿನ ಹತ್ತು ದಿನಗಳನ್ನು ನೋಡಿ. 9ರಂದು ಬ್ಯಾಂಕ್ ಬಿಟ್ಟರು. 17ರಂದು ‘ಪಂಚ್’ನಲ್ಲಿ ಮೊದಲ ಬರಹ ಬಂತು. 18ರಂದು ಮೊದಲ ಪುಸ್ತಕ ‘ದಿ ಪಾಟ್‌ಹಂಟರ್ಸ್’ ಹೊರಬಿತ್ತು. ‘ಪಂಚ್’ ಎಂದರೆ ಆಗ ಬರೀ ಹಾಸ್ಯಪತ್ರಿಕೆಯಲ್ಲ. 1841ರಲ್ಲಿ ಹುಟ್ಟಿ ಅರವತ್ತು ವರ್ಷ ದಾಟಿದ್ದ ಅದು ಬ್ರಿಟಿಷ್ ಮಧ್ಯಮ ವರ್ಗದ ಬೈಠಕ್‌ಖಾನೆಯ ಪೀಠೋಪಕರಣಗಳಲ್ಲಿ ಒಂದಾಗಿತ್ತು. ಸಂಪಾದಕ ಫ್ರಾನ್ಸಿಸ್ ಬರ್ನಂಡ್. ಅವರ ಸಹಾಯಕರಾಗಿದ್ದ ಓವೆನ್ ಸೀಮನ್ 1906ರಲ್ಲಿ ಸಂಪಾದಕರಾದರು. ಸೀಮನ್ ಸ್ವತಃ ಅಣಕು ಪದ್ಯಗಳಲ್ಲಿ ಪಳಗಿದ ಕೈ. ಛಂದಸ್ಸು ಎಲ್ಲಾದರೂ ಕುಂಟಿದರೆ ಸಹಿಸುವವರಲ್ಲ. ಇಪ್ಪತ್ತೊಂದರ ಹುಡುಗನಿಗೆ ಅಂಥ ಕಡೆ ಜಾಗ ಸಿಕ್ಕಿದ್ದು ದೊಡ್ಡ ಮಾತು.

ಆ ಪದ್ಯಗಳ ಅಚ್ಚು ಬಹುಮಟ್ಟಿಗೆ ಒಂದೇ. ಮೇಲೆ ದಿನಪತ್ರಿಕೆಯ ಒಂದು ತುಣುಕು: ಯಾವನೋ ವೈದ್ಯ ಏನನ್ನೋ ತಿನ್ನಬಾರದು ಎಂದಿದ್ದಾನೆ, ಯಾವುದೋ ಊರಿನ ಸಭೆ ಎಂಥದೋ ನಿರ್ಣಯ ಮಾಡಿದೆ. ಕೆಳಗೆ ಆ ಹೇಳಿಕೆಯನ್ನು ನೆಟ್ಟಗೆ ನಂಬಿದವನೊಬ್ಬನ ಗೋಳು, ಬಿಗಿಯಾದ ಪ್ರಾಸದಲ್ಲಿ. ಕನ್ನಡದಲ್ಲಿ ದಿನಕರ ದೇಸಾಯಿಯವರ ಚೌಪದಿಗಳನ್ನು ಓದಿದವರಿಗೆ ಸುದ್ದಿಯ ಬೆನ್ನು ಹತ್ತಿದ ಪದ್ಯ ಹೊಸದಲ್ಲ. ಆದರೆ ದೇಸಾಯಿಯವರದು ನಾಲ್ಕು ಸಾಲಿನಲ್ಲಿ ಮುಗಿಯುವ ಕುಟುಕು, ಅದರ ಹಿಂದೊಂದು ಸಿಟ್ಟು ಇದೆ. ವುಡ್‌ಹೌಸ್‌ಗೆ ಸಿಟ್ಟೇ ಇಲ್ಲ. ಅವರಿಗೆ ಬೇಕಿದ್ದುದು ಒಂದು ನೆಪ, ನಾಲ್ಕಾರು ಕಷ್ಟದ ಪ್ರಾಸಗಳು, ಕೊನೆಯಲ್ಲಿ ಒಂದು ತಿರುವು.

ಇದಕ್ಕೆ ‘ಡೈಲಿ ಎಕ್ಸ್‌ಪ್ರೆಸ್’ನ ಗಿಳಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 1903ರಲ್ಲಿ ರಾಜಕಾರಣಿ ಜೋಸೆಫ್ ಚೇಂಬರ್ಲೇನ್ ಆಮದಿನ ಮೇಲೆ ಸುಂಕ ಹಾಕಬೇಕೆಂದು ಎಬ್ಬಿಸಿದ ಚರ್ಚೆ ದೇಶವನ್ನೇ ಎರಡು ಪಾಳೆಯ ಮಾಡಿತ್ತು. ಪತ್ರಿಕೆಯ ಒಡೆಯ ಪಿಯರ್ಸನ್ ಸುಂಕದ ಪರ. ಆಹಾರ ತುಟ್ಟಿಯಾಗುತ್ತದೆ ಎಂದು ಎದುರಾಳಿಗಳು ಹೇಳಿದ್ದನ್ನೇ ಹೇಳುತ್ತಿದ್ದಾರೆಂದು ಗೇಲಿ ಮಾಡಲು ಒಂದು ಗಿಳಿಯನ್ನು ಸೃಷ್ಟಿಸಲಾಯಿತು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಹೆಸರಿಲ್ಲದೆ ಬಂದ ಆ ಗಿಳಿಪದ್ಯಗಳಲ್ಲಿ ವುಡ್‌ಹೌಸ್ ಕೈ ಇತ್ತು. ಏನಾದರಾಗಲಿ, ಯಾರು ಏನೇ ಕೇಳಲಿ, ಗಿಳಿಯ ಉತ್ತರ ಒಂದೇ: ನಿಮ್ಮ ಊಟ ತುಟ್ಟಿಯಾಗುತ್ತದೆ. ಎರಡೂವರೆ ವರ್ಷದ ಬಳಿಕ, 1906ರಲ್ಲಿ, ಇದೇ ವುಡ್‌ಹೌಸ್ ಜೆರೋಮ್ ಕರ್ನ್ ಎಂಬ ಎಳೆಯ ಅಮೆರಿಕನ್ ಸಂಗೀತಗಾರನ ರಾಗಕ್ಕೆ ಚೇಂಬರ್ಲೇನರನ್ನೇ ಲೇವಡಿ ಮಾಡುವ ಹಾಡು ಬರೆದು ಲಂಡನ್ ರಂಗಭೂಮಿಯಲ್ಲಿ ಚಪ್ಪಾಳೆ ಗಿಟ್ಟಿಸಿದರು. ರಾಜಕೀಯ ನಿಷ್ಠೆ ಹುಡುಕುವವರಿಗೆ ಇಲ್ಲಿ ಏನೂ ಸಿಗದು. ಸುಂಕದ ಗದ್ದಲ ಅಡಗಿದ್ದೇ ತಡ ಗಿಳಿಯೂ ಸತ್ತಿತು. ಇವತ್ತು ಅದನ್ನು ಓದಿ ನಗಬೇಕಾದರೆ ಅರ್ಧ ಪುಟ ಟಿಪ್ಪಣಿ ಬೇಕು, ಟಿಪ್ಪಣಿ ಓದಿದ ಮೇಲೆ ಯಾರಿಗೆ ನಗು ಬರುತ್ತದೆ?

ಜೊತೆಗೆ ‘ದಿ ಗ್ಲೋಬ್’ ಎಂಬ ಸಂಜೆ ಪತ್ರಿಕೆಯ ಮುಖಪುಟದ ಹಾಸ್ಯ ಅಂಕಣ. ಡಲ್ವಿಚ್‌ನಲ್ಲಿ ಮೇಷ್ಟರಾಗಿದ್ದ ಬೀಚ್ ಥಾಮಸ್ ಅಲ್ಲಿದ್ದರು. ಅವರು ರಜೆ ಹಾಕಿದಾಗ ವುಡ್‌ಹೌಸ್ ಆ ಕುರ್ಚಿಯಲ್ಲಿ ಕೂರುತ್ತಿದ್ದರು, 1903ರಲ್ಲಿ ಕೆಲಸ ಕಾಯಂ ಆಯಿತು, ಮರುವರ್ಷ ಅಂಕಣವೇ ಅವರ ಕೈಗೆ ಬಂತು. ಬೆಳಗ್ಗೆ ಕಚೇರಿಗೆ ಹೋಗಿ ಅಂದಿನ ಪತ್ರಿಕೆಗಳನ್ನೆಲ್ಲ ಜಾಲಾಡಿ ಮಧ್ಯಾಹ್ನದೊಳಗೆ ತಮಾಷೆಯ ತುಣುಕುಗಳನ್ನೂ ಪದ್ಯವನ್ನೂ ಅಚ್ಚಿಗೆ ಕೊಡಬೇಕು. ಸ್ಫೂರ್ತಿ ಬರಲಿ ಎಂದು ಕಾಯುವ ಐಷಾರಾಮಕ್ಕೆ ಅಲ್ಲಿ ಆಸ್ಪದವಿರಲಿಲ್ಲ. 1903ರಲ್ಲಿ ಅವರ ಗಳಿಕೆ 215 ಪೌಂಡ್ ದಾಟಿತ್ತು.

ಇನ್ನು ಈ ಪದ್ಯಗಳು ಗದ್ಯಕ್ಕೆ ಮಾಡಿದ ಉಪಕಾರ. ಹಗುರ ಪದ್ಯದಲ್ಲಿ ನಗು ಕೂರುವ ಜಾಗ ಸಾಲಿನ ಕೊನೆ. ಪ್ರಾಸಕ್ಕೆ ಯಾವ ಮಾತು ಬರುತ್ತದೆಂದು ಓದುಗನ ಕಿವಿ ಕಾಯುತ್ತಿರುತ್ತದೆ, ಆಗ ಅವನು ಎಣಿಸದ ಮಾತು ಬಂದು ಕೂರಬೇಕು. ಅರ್ಧ ಅಕ್ಷರ ಮುಂಚೆ ಬಂದರೂ ಕೆಟ್ಟಿತು. ವುಡ್‌ಹೌಸ್ ಅವರ ಪ್ರಬುದ್ಧ ಗದ್ಯದ ವಾಕ್ಯಗಳನ್ನು ಬಿಡಿಸಿ ನೋಡಿ, ಅವುಗಳ ಕಟ್ಟಡವೂ ಇದೇ. ವಾಕ್ಯ ಬೈಬಲ್ಲಿನ ಗಾಂಭೀರ್ಯದಲ್ಲೋ ಷೇಕ್ಸ್‌ಪಿಯರನ ಠೀವಿಯಲ್ಲೋ ಹೊರಡುತ್ತದೆ, ಕೊನೆಯ ಎರಡು ಮಾತಿನಲ್ಲಿ ಕ್ಲಬ್ಬಿನ ಹುಡುಗರ ಆಡುನುಡಿಗೆ ದೊಪ್ಪನೆ ಬೀಳುತ್ತದೆ. ಪಂಪನ ಚಂಪಕಮಾಲೆಯಂತೆ ಎದ್ದ ಮಾತು ಮೂಲೆ ಹೋಟೆಲಿನ ಉಪ್ಪಿಟ್ಟಿನಲ್ಲಿ ಮುಗಿದ ಹಾಗೆ. ಈ ಬೀಳುವಿಕೆಯ ಕ್ಷಣವನ್ನು ಕೂದಲೆಳೆಯಷ್ಟೂ ತಪ್ಪದೆ ಹಿಡಿಯಲು ಕಿವಿ ಬೇಕು, ಆ ಕಿವಿ ಸಾಣೆಗೊಂಡದ್ದು ವಾರವಾರದ ಪದ್ಯದಲ್ಲಿ. ಬ್ರಾಡ್‌ವೇ ನಾಟಕಗಳಿಗೆ ಅವರು ಮುಂದೆ ಬರೆದ ಹಾಡುಗಳೂ ಇದೇ ಬೇರಿನವು. ತಮ್ಮ ಕಾದಂಬರಿಗಳು ಸಂಗೀತವಿಲ್ಲದ ಸಂಗೀತ ನಾಟಕಗಳು ಎಂದು ಅವರೇ ಹೇಳಿಕೊಂಡಿದ್ದಾರೆ.

ಕಾಲದ ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅವರೇ ಹೇಳುತ್ತಿದ್ದ ಪ್ರಸಂಗವೊಂದಿದೆ. 1903ರಲ್ಲಿ ಡಬ್ಲ್ಯೂ. ಎಸ್. ಗಿಲ್ಬರ್ಟ್ ಮನೆಯಲ್ಲಿ ಊಟ. ಗಿಲ್ಬರ್ಟ್ ಎಂದರೆ ಸವಾಯ್ ಗೀತನಾಟಕಗಳ ಸಾಹಿತ್ಯ ಬರೆದ, ಹಗುರ ಪದ್ಯದ ಆಚಾರ್ಯಪುರುಷ. ಅವರು ಒಂದು ಕಥೆ ಹೇಳಲಾರಂಭಿಸಿದರು. ಬೇಕೆಂದೇ ನೀರಸವಾಗಿ ಎಳೆದು, ಕೊನೆಯ ಸಾಲಿನಲ್ಲಿ ಎಲ್ಲರನ್ನೂ ಉರುಳಿಸುವ ಬಗೆಯ ಕಥೆ ಅದು. ಆ ಕೊನೆಯ ಸಾಲಿಗೆ ಮುಂಚೆ ಗಿಲ್ಬರ್ಟ್ ಒಂದು ಕ್ಷಣ ನಿಂತರು. ಕಥೆ ಮುಗಿಯಿತೆಂದುಕೊಂಡ ವುಡ್‌ಹೌಸ್ ದೊಡ್ಡದಾಗಿ ನಕ್ಕುಬಿಟ್ಟರು, ಉಳಿದ ಅತಿಥಿಗಳೂ ನಕ್ಕರು, ಮಾತು ಬೇರೆಡೆಗೆ ಹೊರಳಿತು. ಗಿಲ್ಬರ್ಟರ ಕಣ್ಣಲ್ಲಿ ಕೊಲೆಯಿತ್ತಂತೆ. ಆ ಕಥೆಯನ್ನು ಎಷ್ಟೋ ಸಲ ಕೇಳಿ ಬೇಸತ್ತಿದ್ದ ಬಟ್ಲರ್ ಮಾತ್ರ ಅವರನ್ನು ಕೃತಜ್ಞತೆಯಿಂದ ನೋಡಿದನಂತೆ. ವುಡ್‌ಹೌಸ್ ತಮ್ಮ ಬಗ್ಗೆ ಹೇಳಿದ ಕಥೆಗಳಿಗೆ ಒಂದಿಷ್ಟು ಉಪ್ಪು ಖಾರ ಸೇರಿಸಿಯೇ ಬಡಿಸುವವರು, ಬಟ್ಲರನ ಭಾಗದಲ್ಲಿ ನನಗೆ ಸ್ವಲ್ಪ ಅನುಮಾನವಿದೆ.

ಪದ್ಯಗಳ ರಾಶಿಯಲ್ಲಿ ಒಂದು ಗೊಂಚಲನ್ನು ನಾನು ಉಳಿಸಿಕೊಳ್ಳುತ್ತೇನೆ: ಷರ್ಲಾಕ್ ಹೋಮ್ಸ್ ಕುರಿತವು. 1893ರಲ್ಲಿ ಕಾನನ್ ಡಾಯ್ಲ್ ಹೋಮ್ಸನನ್ನು ಜಲಪಾತಕ್ಕೆ ಬೀಳಿಸಿದ್ದರು, 1903ರಲ್ಲಿ ಬದುಕಿಸಿದರು. ಆ ಸುದ್ದಿ ಹೊರಬಿದ್ದ ಕೂಡಲೇ, ಮೇ ತಿಂಗಳಲ್ಲಿ, ‘ಪಂಚ್’ನಲ್ಲಿ ವುಡ್‌ಹೌಸ್ ಸ್ವಾಗತಗೀತೆ ಬಂತು. ಅದಕ್ಕೂ ಕೆಲವೇ ವಾರ ಮೊದಲು ಡಡ್ಲಿ ಜೋನ್ಸ್ ಎಂಬ ಪತ್ತೇದಾರನ ಹೆಸರಿನಲ್ಲಿ ಎರಡು ಕಂತಿನ ಅಣಕು ಕಥೆಯನ್ನೂ ಬರೆದಿದ್ದರು. ಹೋಮ್ಸನನ್ನು ಇವತ್ತಿಗೂ ಎಲ್ಲರೂ ಬಲ್ಲರಾದ್ದರಿಂದ ಇವಕ್ಕೆ ಟಿಪ್ಪಣಿ ಬೇಕಾಗುವುದಿಲ್ಲ. ಅಣಕಿನ ಹಿಂದೆ ಭಕ್ತಿಯೂ ಇದೆ: ಡಾಯ್ಲ್ ಜೊತೆ ಲೇಖಕರ ತಂಡದಲ್ಲಿ ಲಾರ್ಡ್ಸ್ ಮೈದಾನದಲ್ಲಿ ಕ್ರಿಕೆಟ್ ಆಡಿದವರು ವುಡ್‌ಹೌಸ್. ಎಲ್ಲವನ್ನೂ ಬಲ್ಲ ಒಬ್ಬ, ಅವನನ್ನು ಬೆರಗಿನಿಂದ ನೋಡುತ್ತ ಕಥೆ ಹೇಳುವ ಇನ್ನೊಬ್ಬ ಎಂಬ ಜೋಡಿಯನ್ನು ಮುಂದೆ ಅವರು ಎಲ್ಲಿ ಬಳಸಿದರೆಂದು ಜೀವ್ಸ್ ಓದಿದ ನಿಮಗೆ ನಾನು ಹೇಳಬೇಕಿಲ್ಲ.

ಶಾಲಾ ಕಥೆಗಳಿಗೆ ಬರೋಣ. ಆ ಕಾಲಕ್ಕೆ ಈ ಪ್ರಕಾರ ಉಪದೇಶದ ಭಾರದಲ್ಲಿ ಕುಸಿದಿತ್ತು. 1857ರ ‘ಟಾಮ್ ಬ್ರೌನ್ಸ್ ಸ್ಕೂಲ್‌ಡೇಸ್’ನಿಂದ ಆರಂಭಿಸಿ ಪುಟ್ಟ ಪಾಪಿಗಳು ಪಶ್ಚಾತ್ತಾಪಪಡುವ, ಸದ್ಗುಣಿಗಳು ಜ್ವರದಿಂದ ಸಾಯುವ ಕಥೆಗಳ ಸಾಲೇ ಇತ್ತು. ವುಡ್‌ಹೌಸ್ ಇಪ್ಪತ್ತರ ವಯಸ್ಸಿನಲ್ಲಿ, ಇನ್ನೂ ಬ್ಯಾಂಕಿನಲ್ಲಿದ್ದಾಗ, ‘ಪಬ್ಲಿಕ್ ಸ್ಕೂಲ್ ಮ್ಯಾಗಝೀನ್’ನಲ್ಲಿ ಇದರ ಮೇಲೆ ಒಂದು ಚಂದದ ದಾಳಿ ನಡೆಸಿದರು. ರೈಲಿನಲ್ಲಿ ಎದುರಾದ ಅಪರಿಚಿತನೊಬ್ಬ ವಾದಿಸುತ್ತಾನೆ: ಟಾಮ್ ಬ್ರೌನ್ ಪುಸ್ತಕದ ಎರಡನೆಯ ಭಾಗವನ್ನು ಮೊದಲ ಭಾಗ ಬರೆದವನು ಬರೆದೇ ಇಲ್ಲ. ಹುಡುಗರಿಗೆ ಹಿತಕರ ಸಾಹಿತ್ಯವನ್ನು ಬಲವಂತವಾಗಿ ಉಣಿಸುವ, ಉದ್ದನೆಯ ಹೆಸರಿನ ರಹಸ್ಯ ಸಂಘವೊಂದು ಅದನ್ನು ಸೇರಿಸಿದೆ. ಪುರಾವೆ ಏನು? ಟಾಸ್ ಗೆದ್ದ ಟಾಮ್ ಎದುರಾಳಿ ಎಂ.ಸಿ.ಸಿ. ತಂಡವನ್ನು ಮೊದಲು ಬ್ಯಾಟಿಂಗಿಗೆ ಕಳಿಸುತ್ತಾನೆ. ಕ್ರಿಕೆಟ್ ಬಲ್ಲ ಯಾವ ಹುಡುಗ ಹಾಗೆ ಮಾಡಿಯಾನು? ಪಠ್ಯವಿಮರ್ಶಕರ ಗಂಭೀರ ತರ್ಕವನ್ನು ಕ್ರಿಕೆಟ್ ಮೈದಾನಕ್ಕೆ ಎಳೆದು ತಂದ ಈ ಬರಹ ‘ಟೇಲ್ಸ್ ಆಫ್ ಸೇಂಟ್ ಆಸ್ಟಿನ್ಸ್’ ಸಂಕಲನದಲ್ಲಿದೆ. ಆರಂಭಕಾಲದ ಬರಹಗಳಲ್ಲಿ ಕಾಲ ಮುಟ್ಟದ ಒಂದನ್ನು ಆರಿಸಿ ಎಂದರೆ ನಾನು ಇದನ್ನೇ ಆರಿಸುತ್ತೇನೆ.

‘ಪಬ್ಲಿಕ್ ಸ್ಕೂಲ್ ಮ್ಯಾಗಝೀನ್’ 1902ರ ಮಾರ್ಚಿನಲ್ಲಿ ನಿಂತುಹೋಯಿತು, ಅದರಲ್ಲಿ ಬರುತ್ತಿದ್ದ ಅವರ ಧಾರಾವಾಹಿ ನಡುವೆಯೇ ಕತ್ತರಿಸಿಹೋಯಿತು. ಆಮೇಲೆ ಆಸರೆಯಾದದ್ದು ‘ದಿ ಕ್ಯಾಪ್ಟನ್’. 1899ರಲ್ಲಿ ಜಾರ್ಜ್ ನ್ಯೂನ್ಸ್ ಸಂಸ್ಥೆ ಆರಂಭಿಸಿದ ಆರು ಪೆನ್ನಿಯ ಮಾಸಿಕ ಅದು. ಹುಡುಗರಿಗೂ ‘ಹಳೆಯ ಹುಡುಗರಿಗೂ’ ಎಂದು ಹೇಳಿಕೊಳ್ಳುತ್ತಿತ್ತು. ಸಂಪಾದಕ ವಾರೆನ್ ಬೆಲ್. ಕ್ರೀಡಾ ಪುಟಗಳಿಗೆ ಇಂಗ್ಲೆಂಡಿನ ಆಟಗಾರ ಸಿ. ಬಿ. ಫ್ರೈ. ‘ದಿ ಗೋಲ್ಡ್ ಬ್ಯಾಟ್’, ‘ದಿ ಹೆಡ್ ಆಫ್ ಕೇಸ್’, ‘ದಿ ವೈಟ್ ಫೆದರ್’ ಎಲ್ಲವೂ ಇಲ್ಲೇ ಕಂತುಗಳಾಗಿ ಬಂದವು. ಹದವಾದ ಕಟ್ಟು, ಲವಲವಿಕೆಯ ಸಂಭಾಷಣೆ, ಆಟದ ಬಗ್ಗೆ ಪ್ರಾಮಾಣಿಕ ಬರವಣಿಗೆ ಇವುಗಳಲ್ಲಿದೆ. ಆದರೆ ಬೇರೆ ಯಾವ ಚುರುಕು ಲೇಖಕನಾದರೂ ಇವನ್ನು ಬರೆಯಬಹುದಿತ್ತು.

1908ರ ಏಪ್ರಿಲಿನಲ್ಲಿ ಆರಂಭವಾದ ‘ದಿ ಲಾಸ್ಟ್ ಲ್ಯಾಂಬ್ಸ್’ ಹಾಗಲ್ಲ. ಮೈಕ್ ಜಾಕ್ಸನ್ ಎಂಬ ಕ್ರಿಕೆಟ್ ಪ್ರತಿಭೆಯನ್ನು, ಓದಿನಲ್ಲಿ ಹಿಂದುಳಿದ ತಪ್ಪಿಗೆ, ಅವನ ತಂದೆ ಪ್ರಿಯವಾದ ಶಾಲೆಯಿಂದ ಬಿಡಿಸಿ ಸೆಡ್ಲಿ ಎಂಬ ಸಣ್ಣ ಶಾಲೆಗೆ ಹಾಕುತ್ತಾನೆ. ಮುಖ ಊದಿಸಿಕೊಂಡು ಅಲ್ಲಿಗೆ ಬಂದ ಮೈಕ್‌ಗೆ ಎತ್ತರದ, ತೆಳ್ಳನೆಯ, ಒಂಟಿಗಣ್ಣಿನ ಕನ್ನಡಕ ತೊಟ್ಟ ಹುಡುಗನೊಬ್ಬ ಎದುರಾಗುತ್ತಾನೆ. ಹೆಸರು ಸ್ಮಿತ್, ಸ್ಮಿತ್‌ಗಳು ಬಹಳಾದರೆಂದು ಮುಂದೊಂದು ಪಿ ಅಕ್ಷರ ಸೇರಿಸಿಕೊಂಡಿದ್ದಾನೆ, ಅದನ್ನು ಉಚ್ಚರಿಸಬಾರದು. ಅವನು ಮೈಕ್‌ನನ್ನು ವಿಚಾರಿಸುವುದೇ ಹೀಗೆ: ನೀನು ಈ ಕಥೆಯ ದುಷ್ಟ ಹುಡುಗನೋ, ಶಾಲೆಯ ಹೆಮ್ಮೆಯೋ, ಅಥವಾ ದಾರಿ ತಪ್ಪಿ ಹದಿನಾರನೆಯ ಅಧ್ಯಾಯದಲ್ಲಿ ಕುಡಿತಕ್ಕೆ ಬೀಳುವವನೋ? ಒಂದೇ ಪ್ರಶ್ನೆಗೆ ಐವತ್ತು ವರ್ಷಗಳ ಶಾಲಾ ಕಥೆಗಳು ತಲೆಕೆಳಗಾದವು. ತಾನು ಸಮಾಜವಾದಿಯೆಂದು ಘೋಷಿಸಿಕೊಂಡು ಎಲ್ಲರನ್ನೂ ‘ಕಾಮ್ರೇಡ್’ ಎನ್ನುತ್ತ, ಇನ್ನೊಬ್ಬನ ಕೋಣೆಯನ್ನು ಸಮತೆಯ ಹೆಸರಿನಲ್ಲಿ ಆಕ್ರಮಿಸಿಕೊಳ್ಳುವ ಈ ಹುಡುಗನ ಮಾತುಗಳನ್ನು ಗಟ್ಟಿಯಾಗಿ ಓದಿ. ‘ಪಂಚ್’ನ ಪದ್ಯಗಳ ಬಾಗು ಬಳುಕೆಲ್ಲ ಗದ್ಯಕ್ಕೆ ಇಳಿದಿರುವುದು ಕಿವಿಗೆ ಕೇಳುತ್ತದೆ. ಕಾದಂಬರಿಕಾರ ಎವೆಲಿನ್ ವಾ ಅವರ ಪ್ರಕಾರ ವುಡ್‌ಹೌಸ್‌ಗೆ ದಿವ್ಯಾಗ್ನಿ ತಾಕಿದ ಗಳಿಗೆ ಸರಿಯಾಗಿ ಇದು. ಜಾರ್ಜ್ ಆರ್ವೆಲ್ ಕೂಡ ಈ ಕಥೆ ಸೇರಿದ ‘ಮೈಕ್’ ಪುಸ್ತಕವನ್ನು ಇಂಗ್ಲಿಷಿನ ಅತ್ಯುತ್ತಮ ಹಗುರ ಶಾಲಾ ಕಥೆಗಳ ಸಾಲಿಗೆ ಸೇರಿಸಿದ್ದಾರೆ. ಮುಂದಿನ ಧಾರಾವಾಹಿಯಲ್ಲಿ ವುಡ್‌ಹೌಸ್ ಈ ಇಬ್ಬರನ್ನೂ ತಾವು ನವೆದ ಆ ಬ್ಯಾಂಕಿಗೇ, ಹೆಸರು ಬದಲಿಸಿ, ಗುಮಾಸ್ತಗಿರಿಗೆ ಕಳಿಸಿದರು. ಅಲ್ಲಿ ಮ್ಯಾನೇಜರನಿಗೆ ಆಗುವ ಶಾಸ್ತಿಯಲ್ಲಿ ಹಳೆಯ ಗುಮಾಸ್ತನ ಸಣ್ಣ ಸೇಡು ಕಾಣುತ್ತದೆ.

ಇಂಥ ಪತ್ರಿಕೆಗಳ ಪೈಕಿ ಕೆಲವು ಮೈಸೂರಿನವರೆಗೂ ಬರುತ್ತಿದ್ದವು. ಆರ್. ಕೆ. ನಾರಾಯಣ್ ತಮ್ಮ ತಂದೆ ಮುಖ್ಯೋಪಾಧ್ಯಾಯರಾಗಿದ್ದ ಶಾಲೆಯ ವಾಚನಾಲಯದಲ್ಲಿ ‘ಸ್ಟ್ರಾಂಡ್’ ಪತ್ರಿಕೆಯ ಮೂಲಕ ವುಡ್‌ಹೌಸ್‌ರನ್ನು ಓದಿಕೊಂಡವರು. ಭಾರತದ ಬಗ್ಗೆ ಕಾದಂಬರಿ ಬರೆಯುವುದು ಹೇಗೆ ಎಂಬ ಅವರ ವಿಡಂಬನೆಯನ್ನು 1933ರಲ್ಲಿ ಪ್ರಕಟಿಸಿದ್ದು ಅದೇ ‘ಪಂಚ್’. ಸ್ವಾಮಿ ಮತ್ತು ಗೆಳೆಯರು ಪುಸ್ತಕವಾಗಲು ಇನ್ನೂ ಎರಡು ವರ್ಷವಿತ್ತು.

ಓದುವ ಕ್ರಮ ಹೇಳುತ್ತೇನೆ. ‘ಮೈಕ್’ ಎಂಬ ಹೆಸರಿನಲ್ಲಿ 1909ರಲ್ಲಿ ಬಂದ ಪುಸ್ತಕದಲ್ಲಿ ಎರಡು ಧಾರಾವಾಹಿಗಳಿವೆ, ನೀವು ‘ದಿ ಲಾಸ್ಟ್ ಲ್ಯಾಂಬ್ಸ್’ ಇರುವ ಎರಡನೆಯ ಭಾಗದಿಂದ ಆರಂಭಿಸಿ. ಕ್ರಿಕೆಟ್ ಇಷ್ಟವಿದ್ದರೆ ಮಾತ್ರ ಮೊದಲ ಭಾಗಕ್ಕೆ ಮರಳಿ. ಬಳಿಕ ಆ ಬ್ಯಾಂಕಿನ ಕಥೆಯಾದ ‘ಸ್ಮಿತ್ ಇನ್ ದಿ ಸಿಟಿ’, ಅನಂತರ ‘ಟೇಲ್ಸ್ ಆಫ್ ಸೇಂಟ್ ಆಸ್ಟಿನ್ಸ್’ನಿಂದ ಟಾಮ್ ಬ್ರೌನ್ ಬರಹ. ಮೂರೂ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತವಾಗಿ ಸಿಗುತ್ತವೆ. ‘ದಿ ಪಾಟ್‌ಹಂಟರ್ಸ್’ ಬಿಟ್ಟರೂ ನಷ್ಟವಿಲ್ಲ. ಪದ್ಯಗಳ ಪೈಕಿ ಹೋಮ್ಸ್ ಕುರಿತವನ್ನು ಓದಿ, ಗಿಳಿಪದ್ಯಗಳಲ್ಲಿ ಎರಡು ಮೂರು ಸಾಕು. ಅವು 1988ರಲ್ಲಿ ಪುಸ್ತಕವಾಗಿ ಬಂದಿವೆ. ಓದಿ ಉತ್ಸಾಹ ಬಂದು ಕನ್ನಡಕ್ಕೆ ತರುವ ಮನಸ್ಸಾದರೆ ಒಂದು ಎಚ್ಚರಿಕೆ: ಅಮೆರಿಕದಲ್ಲಿ ಇವುಗಳ ಹಕ್ಕುಸ್ವಾಮ್ಯ ಮುಗಿದಿದ್ದರೂ ಭಾರತದಲ್ಲಿ ಲೇಖಕರು ತೀರಿಕೊಂಡ ಅರವತ್ತು ವರ್ಷದವರೆಗೆ ಅದು ಉಳಿಯುತ್ತದೆ. ವುಡ್‌ಹೌಸ್ ನಿಧನರಾದದ್ದು 1975ರಲ್ಲಿ. ಆದ್ದರಿಂದ 2035 ಮುಗಿಯುವವರೆಗೆ ಅನುಮತಿಯಿಲ್ಲದೆ ಅನುವಾದ ಪ್ರಕಟಿಸುವಂತಿಲ್ಲ. ಪ್ರಾಸಗಳನ್ನು ಕನ್ನಡದಲ್ಲಿ ಹೊಂದಿಸಲು ಅಷ್ಟು ಸಮಯ ಹೇಗೂ ಬೇಕಾಗುತ್ತದೆ.